ಸಗಣಿ, ಬೂದಿ, ಕೂದಲ ಹಗ್ಗ: ಶೀಲಾ ಗೌಡ ಅವರ ಕಲೆ

ಒಂದು ಕೋಣೆಯನ್ನೋ ಬಯಲನ್ನೋ ಇಡಿಯಾಗಿ ಕೃತಿಯಾಗಿಸಿ, ನೋಡುವವರು ಅದರ ನಡುವೆಯೇ ಓಡಾಡುವಂತೆ ರೂಪಿಸುವ ಕಲೆಯನ್ನು ಪ್ರತಿಷ್ಠಾಪನ ಕಲೆ ಅಥವಾ ಇನ್‌ಸ್ಟಲೇಷನ್ ಎನ್ನುತ್ತಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಈ ಪ್ರಕಾರದಲ್ಲಿ ಜಗತ್ತಿನ ಗಮನ ಸೆಳೆದ ಕಲಾವಿದೆ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತು ವರ್ಣಚಿತ್ರಗಾರ್ತಿಯಾಗಿದ್ದ ಅವರು, 1992ರ ಕೋಮುಗಲಭೆಗಳ ಕಾಲದಲ್ಲಿ ಬಣ್ಣ ಮಾತ್ರ ಸಾಲದೆನಿಸಿ ಸಗಣಿಯನ್ನು ಕೈಗೆತ್ತಿಕೊಂಡರು. ಹಳ್ಳಿಗಾಡಿನ ಓದುಗರಿಗೆ ಸಗಣಿಯನ್ನು ಪರಿಚಯಿಸಬೇಕಿಲ್ಲ. ಅಂಗಳ ಸಾರಿಸುವ ಪಾವಿತ್ರ್ಯ, ಕುಳ್ಳಾಗಿ ಒಲೆ ಸೇರುವ ಉಪಯುಕ್ತತೆ, ಅದನ್ನು ತಟ್ಟುವ ಹೆಣ್ಣುಮಕ್ಕಳ ಮುಗಿಯದ ದುಡಿಮೆ, ಈ ಮೂರೂ ಅದರಲ್ಲಿ ಬೆರೆತಿರುವುದೇ ಅವರನ್ನು ಸೆಳೆಯಿತು.

ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ 2007ರಲ್ಲಿ ಇಟ್ಟ 'ಕೊಲ್ಯಾಟರಲ್' ಇದೇ ದಾರಿಯ ಕೃತಿ. ಇದ್ದಿಲು ಮತ್ತು ತೊಗಟೆಯ ಪುಡಿಯನ್ನು ಕಲಸಿದ ಊದಿನಕಡ್ಡಿಯ ಹಿಟ್ಟನ್ನು ಲಟ್ಟಿಸಿ, ಹೊಸೆದು, ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಕಿಡಿ ತಾಗಿಸಿದಾಗ, ಹಿಟ್ಟು ನಿಧಾನವಾಗಿ ಉರಿದು ತನ್ನ ಆಕಾರವನ್ನು ಬೂದಿಯಲ್ಲಿ ಉಳಿಸುತ್ತದೆ, ಆ ಬೂದಿಯೇ ಕೃತಿಯಾಗುತ್ತದೆ. ಉಸಿರು ಜೋರಾಗಿ ತಾಗಿದರೂ ಕದಡುವಂಥ ಈ ರಚನೆಯ ನಶ್ವರತೆಯನ್ನು ವೈರಾಗ್ಯದ ಮಾತಾಗಿ ಮಾತ್ರ ಓದಿದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ, ಏಕೆಂದರೆ ಬೆಂಗಳೂರಿನ ಹೆಸರಾಂತ ಊದಿನಕಡ್ಡಿ ಉದ್ಯಮ ಬಹುಪಾಲು ನಿಂತಿರುವುದು ಹೆಂಗಸರು ಹೊಸೆಯುವ ಕಡ್ಡಿಗಳ ಮೇಲೆ, ಮತ್ತು ಆ ಕೈಗೆಲಸ ಪ್ರತಿದಿನ ಹೊಗೆಯಾಗಿ ಹೋಗುತ್ತಲೇ ಇರುತ್ತದೆ.

ನಗರದ ರಸ್ತೆಗಳಿಗೂ ಅವರ ಕಲೆಯಲ್ಲಿ ಜಾಗವಿದೆ. ರಸ್ತೆ ಕೆಲಸದ ಕೂಲಿಗಳು ಟಾರು ಡ್ರಮ್ಮುಗಳ ತಗಡಿನಿಂದ ಕಟ್ಟಿಕೊಳ್ಳುವ ಗುಡಿಸಲಿನಿಂದ 'ಡಾರ್ಕ್‌ರೂಮ್' (2006) ಹುಟ್ಟಿತು; ಬಗ್ಗಿ ಒಳಹೊಕ್ಕರೆ ಮೇಲಿನ ತಗಡಿನ ಸಣ್ಣ ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ. ದೇವಸ್ಥಾನಗಳಲ್ಲಿ ಭಕ್ತರು ಕೊಟ್ಟ ಮುಡಿಯನ್ನು ಹೊಸೆದ ಹಗ್ಗವನ್ನು ದೃಷ್ಟಿಯಾಗದಂತೆ ವಾಹನಗಳ ಬಂಪರಿಗೆ ಕಟ್ಟುವ ರೂಢಿಯಿಂದ 2009ರ ವೆನಿಸ್ ಬಿನಾಲೆಯ 'ಬಿಹೋಲ್ಡ್' ರೂಪುಗೊಂಡಿತು. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗ ಅಲ್ಲಿ ಉಕ್ಕಿನ ಬಂಪರುಗಳನ್ನು ಹೊತ್ತು ತೂಗುತ್ತದೆ. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಪತಿ, ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ 2012ರ ಮೊದಲ ಕೊಚ್ಚಿ ಬಿನಾಲೆಗಾಗಿ ಶೀಲಾ ಒಯ್ದದ್ದು ಬೆಂಗಳೂರಿನ ಮನೆಗಳು ಹೊರಗಿಟ್ಟ ರುಬ್ಬುವ ಕಲ್ಲುಗಳನ್ನು. ಮಿಕ್ಸರ್ ಬಂದ ಮೇಲೆ ಅವು ಅಡುಗೆಮನೆಗೆ ಬೇಡವಾದವು, ಆದರೆ ಪೂಜೆ ಕಂಡ ಕಲ್ಲನ್ನು ಒಡೆಯಲು ಮನಸ್ಸು ಬಾರದೆ ಜನ ಅವನ್ನು ಬೀದಿಬದಿಗೆ ಬಿಟ್ಟಿದ್ದರು.