ಬೇಲಿಯ ಅಮೃತಬಳ್ಳಿ ಮತ್ತು ಕೆಇಎಂನ ಇಲಿಗಳು

ಡೊಂಬಿವಲಿ: ಇಲ್ಲಿನ ಎಂಐಡಿಸಿ ನಿವಾಸಿ ವಿಭಾಗದಲ್ಲಿ ನಮ್ಮ ಕಟ್ಟಡದ ಬೇಲಿಗೆ ಅಮೃತಬಳ್ಳಿ ಹಬ್ಬಿದೆ. ಮರಾಠಿ ನೆರೆಯವರಿಗೆ ಅದು ಗುಳವೇಲ್. 2020ರ ಕೊರೊನಾ ಕಾಲದಲ್ಲಿ ಅದರ ಕಷಾಯ ಕುದಿಯದ ಮನೆ ನಮ್ಮಲ್ಲಿ ಇರಲಿಲ್ಲ ಎನ್ನಬಹುದು. ಊರಿನಲ್ಲಿ ಜ್ವರ ಬಂದಾಗ ಅಜ್ಜಿ ಕುಡಿಸಿದ್ದ ಕಹಿ ನೆನಪಾಗಿ ನಾನೂ ಕುಡಿದೆ, ಮನೆಯವಳಿಗೂ ಕುಡಿಸಿದೆ.

ಈ ಬಳ್ಳಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆಗೊಡ್ಡಿದವರಲ್ಲಿ ನಮ್ಮ ಮುಂಬಯಿಯವರೇ ಪ್ರಮುಖರು. ಪರೇಲಿನ ಕೆಇಎಂ ಆಸ್ಪತ್ರೆಯ ಡಾ. ಶರದಿನಿ ಡಹಾಣೂಕರ್, ಡಾ. ಊರ್ಮಿಳಾ ಥತ್ತೆ ಹಾಗೂ ಸಂಗಡಿಗರು 1980ರ ದಶಕದಲ್ಲೇ ಇಲಿಗಳಿಗೆ ಬಳ್ಳಿಯ ಸಾರ ಕೊಟ್ಟು ನೋಡಿದರು. ರೋಗಾಣುಗಳನ್ನು ನುಂಗುವ ಜೀವಕೋಶಗಳು ಚುರುಕಾದವು. ಬಳಿಕ ಪಿತ್ತನಾಳ ಕಟ್ಟಿ ಕಾಮಾಲೆಯಾದ 30 ರೋಗಿಗಳ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನರ ರಕ್ತಕ್ಕೆ ನಂಜೇರಿತು. ಜೊತೆಗೆ ಬಳ್ಳಿಯ ಸಾರವನ್ನೂ ಪಡೆದವರಲ್ಲಿ ಒಬ್ಬರಿಗೂ ಏರಲಿಲ್ಲ.

ಇದು ಜಮೆಯ ಬದಿ. ಬ್ಯಾಂಕಿನವನಾದ ನನಗೆ ಖರ್ಚಿನ ಬದಿಯನ್ನೂ ನೋಡುವ ಚಾಳಿ. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಈ ಬಳ್ಳಿ ಸೇವಿಸಿದ 6 ಮಂದಿಗೆ ಯಕೃತ್ತಿನ ಹಾನಿಯಾದುದನ್ನು ವರದಿ ಮಾಡಿದರು. ರೋಗನಿರೋಧಕ ಶಕ್ತಿ ಸ್ವಂತ ಯಕೃತ್ತಿನ ಮೇಲೆಯೇ ತಿರುಗಿಬಿದ್ದ ಲಕ್ಷಣ ಅವರಲ್ಲಿ ಕಂಡಿತ್ತು. ಥೈರಾಯ್ಡ್ ತೊಂದರೆಯವರೂ ಅವರಲ್ಲಿದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು.

ನಮ್ಮ ಬೇಲಿಯದ್ದು ಯಾವುದು? ನನಗೆ ಗುರುತಿಸಲು ಬಾರದು. ನನ್ನ ಮನೆಯವಳಿಗೆ ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ. ವೈದ್ಯರನ್ನು ಕೇಳದೆಯೇ ದಿನಾ ಬೆಳಿಗ್ಗೆ ಕುದಿಸಿ ಕೊಟ್ಟವನು ನಾನೇ. ಈಗ ಆ ಕಷಾಯ ನಿಲ್ಲಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದ್ದೇವೆ. ವರದಿ ಸರಿಯಾಗಿಯೇ ಬಂತು.