ಗಂಟಿನ ಗುಣ

ನನಗೆ ಹತ್ತು ವರ್ಷವಾಗಿದ್ದಾಗ ಖಾನಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ಸಂಜೆ ಎಳೆಗರುವನ್ನು ಗೂಟಕ್ಕೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತು. ಕೊರಳಿಗೆ ಜೀರುಕುಣಿಕೆ ಹಾಕಿ, ಹೋಗಿ ಮಲಗಿದೆ. ಎಳೆದಷ್ಟೂ ಬಿಗಿಯುವುದು ಆ ಕುಣಿಕೆಯ ಸ್ವಭಾವ. ರಾತ್ರಿಯ ಗುಡುಗಿಗೆ ಬೆದರಿದ ಕರು ಗೂಟವನ್ನು ಸುತ್ತಿ ಸುತ್ತಿ ಜಗ್ಗಿತ್ತು. ಬೆಳಗಾದಾಗ ಅದು ಏಳಲಿಲ್ಲ. ಅಜ್ಜ ಬೈಯಲಿಲ್ಲ. “ಹಗ್ಗದ ತಪ್ಪಲ್ಲೋ ತಮ್ಮಾ, ಗಂಟಿನ ತಪ್ಪು” ಎಂದಷ್ಟೇ ಹೇಳಿದರು.

ಆ ಮಾತಿನ ಅರ್ಥ ತಿಳಿದದ್ದು ಮೂರು ವರ್ಷಗಳ ಮೇಲೆ, ಬೆಳಗಾವಿಯಲ್ಲಿ ಓದುತ್ತ ಸ್ಕೌಟ್ ದಳ ಸೇರಿದಾಗ. ಒಳ್ಳೆಯ ಗಂಟಿಗೆ ಎರಡು ಗುಣಗಳು ಬೇಕು: ಭಾರ ಬಿದ್ದಾಗ ಜಾರಬಾರದು, ಕೆಲಸ ಮುಗಿದಾಗ ಬೆರಳಿಗೆ ಬಿಚ್ಚಿಕೊಳ್ಳಬೇಕು. ಎರಡನೆಯ ಗುಣವಿಲ್ಲದ್ದು ಕಗ್ಗಂಟು. ಗಂಟನ್ನು ಹಿಡಿದಿಡುವುದು ಹಗ್ಗ ಹಗ್ಗಕ್ಕೆ ಒರೆಸುವ ಘರ್ಷಣೆ. ಆದುದರಿಂದಲೇ ನಾರಿನ ಹಗ್ಗದಲ್ಲಿ ನಿಲ್ಲುವ ಗಂಟು ನುಣುಪಾದ ನೈಲಾನಿನಲ್ಲಿ ಜಾರುವುದುಂಟು.

ಅಮೆರಿಕದ ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಗ್ರಂಥದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ನಮಗೆ ಎರಡು ಸಾಕು. ಗಾಯದ ಪಟ್ಟಿಗೆ ರೀಫ್ ಗಂಟು: ಮೊದಲು ಬಲದ ತುದಿ ಎಡದ ಮೇಲೆ, ಬಳಿಕ ಅದೇ ತುದಿ ಎಡಕ್ಕೆ ಬಂದು ಬಲದ ಮೇಲೆ. ಮನುಷ್ಯನ ಭಾರ ಹೊರುವ ಎರಡು ಹಗ್ಗಗಳನ್ನು ಜೋಡಿಸಲು ಮಾತ್ರ ಇದನ್ನು ನಂಬಬಾರದು.

ಇನ್ನೊಂದು ಹಡಗಿನವರ ಬೋಲೈನ್. ಬಾನುಲಿಯಲ್ಲಿ ನನ್ನ ಬೆರಳುಗಳು ನಿಮಗೆ ಕಾಣಲಾರವು. ಕೈಯಲ್ಲೊಂದು ತುಂಡು ಹುರಿ ಹಿಡಿದು ಕೇಳಿ. ತುದಿಯ ಕಡೆ ಮೇಲೆ ಬರುವಂತೆ ಪುಟ್ಟ ಸುರುಳಿ ಮಾಡಿ. ತುದಿಯನ್ನು ಸುರುಳಿಯೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಉದ್ದನೆಯ ಹಗ್ಗದ ಹಿಂದಿನಿಂದ ಬಳಸಿ, ಮರಳಿ ಅದೇ ಸುರುಳಿಗೆ ಇಳಿಸಿ ಬಿಗಿಯಿರಿ. ತುದಿ ಗೇಣುದ್ದ ಉಳಿಯಲಿ. ಹಗ್ಗ ಸಡಿಲವಿದ್ದಾಗ ಈ ಗಂಟು ಅಲುಗಿ ಬಿಚ್ಚಿಕೊಳ್ಳಬಹುದು. ಆದರೆ ಎಷ್ಟೇ ಜಗ್ಗಿದರೂ ಇದರ ಕುಣಿಕೆ ಕಿರಿದಾಗದು.

ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಹಳ್ಳಗಳು ಮಳೆಗಾಲದಲ್ಲಿ ಹೇಗೆ ಉಕ್ಕುತ್ತವೆಂದು ಆ ಕಡೆ ಹೋದವರು ಬಲ್ಲರು. ಸೆಳವಿಗೆ ಸಿಕ್ಕವನತ್ತ ಎಸೆದ ಹಗ್ಗದಲ್ಲಿ ಜೀರುಕುಣಿಕೆಯಿದ್ದರೆ, ದಡಕ್ಕೆಳೆಯುವ ಕೈಯೇ ಅವನ ಎದೆಯನ್ನು ಹಿಂಡೀತು. ಬೋಲೈನ್ ಆದರೆ ಉಸಿರಿಗೆ ಎಡೆ ಬಿಡುತ್ತದೆ.

ಇಂದಿಗೂ ಊರಿಗೆ ಹೋದಾಗ ಕರು ಕಟ್ಟುವ ಸರದಿ ಬಂದರೆ, ಗಂಟು ಹಾಕಿ, ಒಮ್ಮೆ ಬಲವಾಗಿ ಜಗ್ಗಿ, ಕುಣಿಕೆಗೂ ಕೊರಳಿಗೂ ನಡುವೆ ನಾಲ್ಕು ಬೆರಳು ತೂರಿಸಿ ನೋಡುತ್ತೇನೆ. ಆಮೇಲೆಯೇ ದೀಪ ಆರಿಸುವುದು.