ಎಂಟು ರೀಲಿನ ಹಟ

ಜಾರ್ಜ್ ಜಾನ್ಸನ್ ಅಮೆರಿಕದ ಒಮಾಹಾ ಊರಿನ ಅಂಚೆ ಕಚೇರಿಯಲ್ಲಿ ನೌಕರ. 1918ರಲ್ಲಿ ಒಂದು ದಿನ, ಷಿಕಾಗೋದ ಕಪ್ಪು ಜನರ ಪತ್ರಿಕೆ ‘ಡಿಫೆಂಡರ್’ ತಿರುವಿ ಹಾಕುತ್ತಿದ್ದಾಗ ಕಾದಂಬರಿಯೊಂದರ ಜಾಹೀರಾತು ಅವನ ಕಣ್ಣಿಗೆ ಬಿತ್ತು. ಹೆಸರು ‘ದಿ ಹೋಮ್‌ಸ್ಟೆಡರ್’. ಬರೆದವನೇ ಪ್ರಕಾಶಕ, ಪ್ರಕಾಶಕನೇ ಮಾರಾಟಗಾರ. ಜಾನ್ಸನ್‌ಗೆ ಅಂಚೆ ಕೆಲಸ ಹೊಟ್ಟೆಪಾಡಿಗೆ. ಜೀವವೆಲ್ಲ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ ಅಣ್ಣ ನೋಬಲ್ ಜೊತೆ ಸೇರಿ 1916ರಲ್ಲಿ ಶುರು ಮಾಡಿದ್ದ ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯ ಮೇಲೆ. ಕಪ್ಪು ಜನರೇ ತಮ್ಮವರಿಗಾಗಿ ಸಿನಿಮಾ ತೆಗೆಯುತ್ತಿದ್ದ ಪುಟ್ಟ ಸಂಸ್ಥೆ ಅದು. ಅವರಿಗೆ ಕಥೆ ಬೇಕಿತ್ತು. ಜಾನ್ಸನ್ ಆ ಲೇಖಕನಿಗೆ ಕಾಗದ ಬರೆದ.

ಲೇಖಕನ ಹೆಸರು ಆಸ್ಕರ್ ಮಿಶೋ. ಆಗ ಅವನಿಗೆ ಮೂವತ್ತನಾಲ್ಕು. ಅಲ್ಲಿಯವರೆಗೆ ಒಂದು ಅಡಿ ಫಿಲಂ ಕೂಡ ತೆಗೆದವನಲ್ಲ. ಹಾಗಿದ್ದೂ ಅವನು ಇಟ್ಟ ಷರತ್ತು ನೋಡಿ: ಕಾದಂಬರಿ ಕೊಡುತ್ತೇನೆ, ಆದರೆ ಚಿತ್ರೀಕರಣಕ್ಕೆ ನಾನೂ ಲಾಸ್ ಏಂಜಲೀಸ್‌ಗೆ ಬರುತ್ತೇನೆ, ಉಸ್ತುವಾರಿ ನನ್ನದೇ. ಇನ್ನೊಂದು, ಚಿತ್ರ ದೊಡ್ಡದಾಗಿರಬೇಕು. ಲಿಂಕನ್ ಕಂಪನಿ ತೆಗೆಯುತ್ತಿದ್ದದ್ದು ಎರಡು-ಮೂರು ರೀಲಿನ ಚಿತ್ರಗಳನ್ನು. ಐನೂರು ಪುಟದಷ್ಟಿರುವ ನನ್ನ ಬದುಕನ್ನು ಎರಡು ರೀಲಿಗೆ ಹಿಂಡುತ್ತೀರಾ ಎಂಬುದು ಇವನ ಧಾಟಿ. ಜಾನ್ಸನ್ ಸಹೋದರರಿಗೆ ಇದು ಅತಿಯಾಯಿತು. ಮಾತುಕತೆ ಮುರಿದುಬಿತ್ತು.

ನನಗೇನೋ ಇಬ್ಬರದೂ ತಪ್ಪೆನಿಸುವುದಿಲ್ಲ. ಹೊಸಬನ ಕೈಗೆ ಕ್ಯಾಮೆರಾ ಕೊಟ್ಟು ಇದ್ದಬದ್ದ ಬಂಡವಾಳ ಕಳೆದುಕೊಳ್ಳಲು ಯಾರು ತಾನೇ ಸಿದ್ಧರಿರುತ್ತಾರೆ? ಆದರೆ ಮಿಶೋಗೆ ಆ ಕಥೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಸಾಧ್ಯವೇ ಇರಲಿಲ್ಲ. ಏಕೆಂದು ತಿಳಿಯಲು ಹದಿಮೂರು-ಹದಿನಾಲ್ಕು ವರ್ಷ ಹಿಂದಕ್ಕೆ, ದಕ್ಷಿಣ ಡಕೋಟಾದ ಹುಲ್ಲುಗಾವಲಿಗೆ ಹೋಗಬೇಕು.

ಇಲಿನಾಯ್‌ನಲ್ಲಿ 1884ರಲ್ಲಿ ಹುಟ್ಟಿದ ಮಿಶೋನ ಅಪ್ಪ-ಅಮ್ಮ ಗುಲಾಮಗಿರಿಯ ಕಾಲ ಕಂಡವರು. ಮಗ ಪುಲ್‌ಮನ್ ರೈಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸುವ, ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಬಿಳಿಯ ಪ್ರಯಾಣಿಕರು ಜಮೀನು, ದರ, ಲಾಭ ಎಂದು ಮಾತಾಡುವುದನ್ನು ಕೇಳಿಸಿಕೊಂಡ, ಟಿಪ್ಸ್ ಕೂಡಿಟ್ಟ. ಆ ದುಡ್ಡಿನಲ್ಲಿ ಗ್ರೆಗರಿ ಊರಿನ ಹತ್ತಿರ, ರೋಸ್‌ಬಡ್ ಮೂಲನಿವಾಸಿ ಸೀಮೆಯಲ್ಲಿ ಸರ್ಕಾರ ವಲಸಿಗರಿಗೆ ಬಿಟ್ಟುಕೊಟ್ಟಿದ್ದ ನೆಲದಲ್ಲಿ ಜಮೀನು ಮಾಡಿದ. ಸುತ್ತ ಇದ್ದವರೆಲ್ಲ ಬಿಳಿಯರು. ಉಳುವುದು ಗೊತ್ತಿಲ್ಲದ ಇವನಿಗೆ ವ್ಯಾಪಾರಿಗಳು ಒಂದಕ್ಕೊಂದು ಹೊಂದದ ಹೇಸರಗತ್ತೆ, ಕುದುರೆ ಕಟ್ಟಿದರು. ಅಲ್ಲಿನ ನೆಲವೂ ಸಾಮಾನ್ಯದ್ದಲ್ಲ. ತಲೆತಲಾಂತರದ ಹುಲ್ಲಿನ ಬೇರು ಚಾಪೆಯಂತೆ ಹೆಣೆದುಕೊಂಡು ನೇಗಿಲು ಮಣ್ಣಿಗೆ ಇಳಿಯದೆ ಕುಪ್ಪಳಿಸುತ್ತಿತ್ತು. ಬೋಗಿಯಲ್ಲಿ ಹಾಸಿಗೆ ಹಾಸುವವನು ಚಳಿಗಾಲಕ್ಕೆ ಮುಂಚೆ ಗಂಟುಮೂಟೆ ಕಟ್ಟುತ್ತಾನೆ ಎಂದು ನಕ್ಕವರ ಕಣ್ಣೆದುರೇ ಅವನು ಮೊದಲ ಹಂಗಾಮಿನಲ್ಲಿ ನೂರಕ್ಕೂ ಹೆಚ್ಚು ಎಕರೆ ಒಡೆದ.

ಆಮೇಲೆ ಮದುವೆ. 1910ರಲ್ಲಿ ಷಿಕಾಗೋದ ಪಾದ್ರಿಯೊಬ್ಬರ ಮಗಳು ಓರ್ಲೀನ್‌ಳನ್ನು ಕೈಹಿಡಿದ. ಮಾವನಿಗೂ ಅಳಿಯನಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಮಿಶೋ ಮನೆಯಲ್ಲಿಲ್ಲದಾಗ ಹೆರಿಗೆಯಾಗಿ ಮಗು ಸತ್ತೇ ಹುಟ್ಟಿತು. ಮಾವ ಬಂದು ಮಗಳನ್ನು ಷಿಕಾಗೋಗೆ ಕರೆದೊಯ್ದ. ಅವಳು ಮತ್ತೆ ತಿರುಗಿ ಬರಲಿಲ್ಲ. ಬೆನ್ನಿಗೇ ಬರ ಬಿತ್ತು, ಸಾಲಕ್ಕೆ ಜಮೀನೂ ಹೋಯಿತು.

ಎಲ್ಲ ಕಳೆದುಕೊಂಡವನ ಬಳಿ ಉಳಿದದ್ದು ಕಥೆಯೊಂದೇ. 1913ರಲ್ಲಿ ಅದನ್ನು ‘ದಿ ಕಾಂಕ್ವೆಸ್ಟ್’ ಎಂಬ ಪುಸ್ತಕವಾಗಿಸಿ, ಲೇಖಕನ ಹೆಸರನ್ನೂ ಹಾಕದೆ ತಾನೇ ಮುದ್ರಿಸಿ, ಮನೆಮನೆ ಬಾಗಿಲು ತಟ್ಟಿ ಮಾರಿದ. 1917ರಲ್ಲಿ ಅದನ್ನೇ ಹಿಗ್ಗಿಸಿ ‘ದಿ ಹೋಮ್‌ಸ್ಟೆಡರ್’ ಬರೆದ. ಈ ಸಲ ಮಾವನ ಮೇಲಿನ ಸಿಟ್ಟು ತೀರಿಸಿಕೊಂಡ: ಕಾದಂಬರಿಯಲ್ಲಿ ಪಾದ್ರಿಯನ್ನು ಮಗಳೇ ಕೊಂದು ತಾನೂ ಸಾಯುತ್ತಾಳೆ. ಇಂಥದ್ದನ್ನು ಲಾಸ್ ಏಂಜಲೀಸ್‌ನಲ್ಲಿ ಕೂತ ಯಾರೋ ಮೂರು ರೀಲಿನಲ್ಲಿ ಮುಗಿಸುವುದು ಅವನಿಗೆ ಹೇಗೆ ಒಗ್ಗೀತು?

ಜಾನ್ಸನ್ ಬೇಡವೆಂದ ಮೇಲೆ ಮಿಶೋ ಹೊರಟದ್ದು ಯಾವ ಧನಿಕನ ಮನೆಗೂ ಅಲ್ಲ. ಅಯೋವಾದ ಸೂ ಸಿಟಿಯ ಸುತ್ತಲ ಹಳ್ಳಿಗಳಿಗೆ, ತನ್ನ ಪುಸ್ತಕ ಕೊಂಡಿದ್ದ ಬಿಳಿಯ ರೈತರ ಬಳಿಗೇ ಮತ್ತೆ ಹೋದ. ಮೊದಲು ಪುಸ್ತಕ ಹಿಡಿದು ಹತ್ತಿದ್ದ ಜಗಲಿಯನ್ನೇ ಈಗ ಷೇರುಪತ್ರ ಹಿಡಿದು ಹತ್ತಿದ. ಷೇರೊಂದಕ್ಕೆ 75ರಿಂದ 100 ಡಾಲರ್. ಕಪ್ಪು ಸಿನಿಮಾದ ಚರಿತ್ರೆಯಲ್ಲಿ ಇಂಥ ಚಿತ್ರಕ್ಕೆ ಹಣ ಬಂದದ್ದು ಜೋಳ, ಹಂದಿ ಮಾರಿದ ಬಿಳಿಯ ರೈತರ ಜೇಬಿನಿಂದ ಎನ್ನುವುದು ವಿಚಿತ್ರ. ಆದರೆ ಅವರು ಈ ಮನುಷ್ಯನನ್ನು ಬಲ್ಲವರು. ಇವನೂ ಮಣ್ಣಿನ ಕಷ್ಟ ಬಲ್ಲವನು. ಮಾತುಗಾರಿಕೆಯಂತೂ ಸರಿಯೇ ಸರಿ. ಮಿಶೋ ಫಿಲಂ ಆ್ಯಂಡ್ ಬುಕ್ ಕಂಪನಿ ಹೀಗೆ ಹುಟ್ಟಿತು.

ಷಿಕಾಗೋದಲ್ಲಿ ಸೀಲಿಗ್ ಸ್ಟುಡಿಯೋ ಬಾಡಿಗೆಗೆ ಸಿಕ್ಕಿತು. ಹೊರಾಂಗಣಕ್ಕೆ ಡಕೋಟಾದ ಅದೇ ಬಯಲು. ಓರ್ಲೀನ್ ಪಾತ್ರಕ್ಕೆ ಇವಲಿನ್ ಪ್ರೀಯರ್. ಮುಂದೆ ಅವನ ಎಷ್ಟೋ ಚಿತ್ರಗಳ ನಾಯಕಿ ಅವಳೇ. ಚಿತ್ರ ಮುಗಿದಾಗ ಎಂಟು ರೀಲು ತೂಗಿತು.

1919ರ ಫೆಬ್ರುವರಿ 20ರಂದು ಷಿಕಾಗೋದ ಎಂಟನೇ ರೆಜಿಮೆಂಟಿನ ಭವನದಲ್ಲಿ ಪ್ರದರ್ಶನ. ಫ್ರಾನ್ಸಿನ ಯುದ್ಧಭೂಮಿಯಿಂದ ಆಗಷ್ಟೇ ಮರಳಿದ್ದ ಕಪ್ಪು ಸೈನಿಕರ ರೆಜಿಮೆಂಟ್ ಅದು. ನಾಲ್ಕೇ ವರ್ಷದ ಹಿಂದೆ ಬಿಳಿಯ ನಿರ್ದೇಶಕ ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ ಮುಖಕ್ಕೆ ಮಸಿ ಬಳಿದ ಬಿಳಿಯ ನಟರಿಂದ ಕಪ್ಪು ಖಳರನ್ನು ಆಡಿಸಿ, ಕೂ ಕ್ಲಕ್ಸ್ ಕ್ಲಾನ್ ಪುಂಡರನ್ನು ಉದ್ಧಾರಕರಂತೆ ತೋರಿಸಿತ್ತು. ಇಲ್ಲಿ ಪರದೆಯ ಮೇಲೆ ಕಪ್ಪು ರೈತ ನೇಗಿಲು ಹೂಡುತ್ತಾನೆ, ಪ್ರೀತಿಸುತ್ತಾನೆ, ಮೋಸ ಹೋಗುತ್ತಾನೆ. ಪಾದ್ರಿಗಳು ಸುಮ್ಮನಿರಲಿಲ್ಲ. ತಮ್ಮವರಲ್ಲೊಬ್ಬನನ್ನು ಖಳನಾಗಿಸಿದ್ದಾನೆಂದು ದೂರು ಹೋಗಿ, ಸೆನ್ಸಾರಿನವರು ಮೊದಲು ತಡೆದು ಆಮೇಲೆ ಬಿಟ್ಟರು. ಜಾಹೀರಾತಿನ ರುಚಿ ಬಲ್ಲ ಮಿಶೋ ಆ ತಡೆಯನ್ನೂ ಪ್ರಚಾರಕ್ಕೆ ಬಳಸಿಕೊಂಡ. ಕಪ್ಪು ನಿರ್ದೇಶಕನೊಬ್ಬನ ಮೊದಲ ಪೂರ್ಣಾವಧಿ ಚಿತ್ರವೆಂದು ಇತಿಹಾಸಕಾರರು ಗುರುತಿಸುವುದು ಇದನ್ನೇ.

ಮರುವರ್ಷದ ‘ವಿದಿನ್ ಅವರ್ ಗೇಟ್ಸ್’ಗೆ ತೊಂದರೆ ಇನ್ನೂ ಹೆಚ್ಚು. 1919ರ ಬೇಸಿಗೆಯಲ್ಲಿ ಷಿಕಾಗೋದ ಕಪ್ಪು-ಬಿಳಿಯರ ಗಲಭೆಯಲ್ಲಿ 38 ಮಂದಿ ಸತ್ತಿದ್ದರು. ಕಪ್ಪು ಕುಟುಂಬವನ್ನು ಗುಂಪು ಸೇರಿ ಕೊಲ್ಲುವ ದೃಶ್ಯ ಈ ಚಿತ್ರದಲ್ಲಿತ್ತು. ಮತ್ತೆ ಬೆಂಕಿ ಹತ್ತೀತೆಂದು ಅಧಿಕಾರಿಗಳಿಗೆ ಅಂಜಿಕೆ. ಮುಂದಿನ ಸುಮಾರು ಮೂವತ್ತು ವರ್ಷ ಇದೇ ಗೋಳು, ಜೊತೆಗೆ ಹಣದ ತಾಪತ್ರಯ. ಮುಂದಿನ ಚಿತ್ರದ ಫೋಟೋ ತೋರಿಸಿ ಥಿಯೇಟರಿನವರಿಂದ ಮುಂಗಡ ಪಡೆಯುವುದು, ಫಿಲಂ ಉಳಿಸಲು ತಪ್ಪಾದ ಟೇಕನ್ನೂ ಹಾಗೇ ಇಟ್ಟುಕೊಳ್ಳುವುದು, 1928ರಲ್ಲಿ ದಿವಾಳಿ, ಮತ್ತೆ ಏಳುವುದು. ಅವನ ಚಿತ್ರಗಳೆಲ್ಲ ಚೆನ್ನಾಗಿವೆ ಎಂದು ನಾನು ಹೇಳಲಾರೆ. ಕೆಲವು ಕಡೆ ಬೆಳಕು, ಸಂಕಲನ ಎರಡೂ ಕೈಕೊಟ್ಟಿವೆ.

ಆ ಡಕೋಟಾ ಕಥೆಯನ್ನಂತೂ ಅವನು ಬಿಡಲೇ ಇಲ್ಲ. 1931ರಲ್ಲಿ ‘ದಿ ಎಕ್ಸೈಲ್’ ಎಂದು ಟಾಕಿಯಾಗಿಸಿದ. 1948ರಲ್ಲಿ ಅದೇ ಹೊಲ, ಅದೇ ಹೆಂಡತಿಯ ಕಥೆಯನ್ನು ‘ದಿ ಬಿಟ್ರೇಯಲ್’ ಹೆಸರಿನಲ್ಲಿ ಮೂರು ಗಂಟೆಗೂ ಮಿಕ್ಕು ಎಳೆದ. ನ್ಯೂಯಾರ್ಕಿನ ವಿಮರ್ಶಕರು ಅದನ್ನು ಹರಿದು ಹಾಕಿದರು. ಅದೇ ಅವನ ಕೊನೆಯ ಚಿತ್ರ. 1951ರಲ್ಲಿ ತೀರಿಕೊಂಡ.

ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂದು ಉಳಿದಿರುವುದು ಹದಿನೈದರ ಆಸುಪಾಸು. ‘ವಿದಿನ್ ಅವರ್ ಗೇಟ್ಸ್’ನ ಒಂದೇ ಒಂದು ಪ್ರತಿ ಮ್ಯಾಡ್ರಿಡ್‌ನ ಸಿನಿಮಾ ಭಂಡಾರದಲ್ಲಿ ‘ಲಾ ನೆಗ್ರಾ’ ಎಂಬ ಹೆಸರಿನಲ್ಲಿ ಸಿಕ್ಕಿತು. ಅದರ ದೃಶ್ಯಗಳ ನಡುವೆ ಬರುವ ಸ್ಪ್ಯಾನಿಷ್ ಬರಹದ ಫಲಕಗಳನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಚಿತ್ರವನ್ನು ದುರಸ್ತಿ ಮಾಡಿತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಬಿಡಿಗಾಸಿಲ್ಲದೆ ನೋಡಬಹುದು. ಸುಮಾರು 80 ನಿಮಿಷ. ‘ದಿ ಹೋಮ್‌ಸ್ಟೆಡರ್’ನ ಎಂಟು ರೀಲುಗಳಲ್ಲಿ ಒಂದೂ ಈವರೆಗೆ ಎಲ್ಲೂ ಸಿಕ್ಕಿಲ್ಲ.